ಹಳೆಯ ವಾಹನಕ್ಕೆ ಹೊಸ ಗಾಲಿ

ದಸರೆಯ ರಜೆ ಬಂತೆಂದರೆ ನಮ್ಮ ಆದವಾನಿ, ಆಲೂರು, ಹೊಳಗುಂದ, ಕೌತಾಳಂ ಸೀಮೆಯ ಕೆಲವು ಮನೆಗಳಲ್ಲಿ ಒಂದು ವಿಶೇಷ ಸಡಗರ ಕಾಣಿಸಿಕೊಳ್ಳುತ್ತದೆ. ಬೆಂಗಳೂರು, ಹೈದರಾಬಾದುಗಳಲ್ಲಿ ನೌಕರಿಯಲ್ಲಿರುವ ಹುಡುಗರು ಊರಿಗೆ ಬರುತ್ತಾರೆ. ಹತ್ತಿ ತುಂಬುವ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿತಾಟು ಹೊದ್ದು ನಿಂತಿರುವ ತಾತನ ಕಾಲದ ಜೀಪನ್ನೋ ಅಂಬಾಸಿಡರ್ ಕಾರನ್ನೋ ಹೊರಗೆಳೆದು ತೊಳೆಯುತ್ತಾರೆ. ಎಂಜಿನಿಗೆ ಜೀವ ಬರುತ್ತಲೇ ಅವರ ಕಣ್ಣು ಗಾಲಿಗಳ ಮೇಲೆ ಬೀಳುತ್ತದೆ. ತುಕ್ಕು ಹಿಡಿದ ಕಬ್ಬಿಣದ ಗಾಲಿಗಳನ್ನು ಕಿತ್ತೊಗೆದು ಬಳ್ಳಾರಿಯಿಂದಲೋ ಕರ್ನೂಲಿನಿಂದಲೋ ಬೆಳ್ಳಿಯಂತೆ ಹೊಳೆಯುವ ಮಿಶ್ರಲೋಹದ ಅಗಲ ಗಾಲಿಗಳನ್ನು ತಂದು ಹಾಕಿಸಬೇಕೆಂಬ ಆಸೆ ಅಲ್ಲಿಂದ ಪ್ರಾರಂಭ. ಆಸೆ ತಪ್ಪಲ್ಲ. ಆದರೆ ಆ ವಾಹನದಲ್ಲಿ ಮುಂದೆ ಮಂತ್ರಾಲಯಕ್ಕೋ ದೇವರಗಟ್ಟಿಗೋ ಹೊರಡುವವರು ಮನೆಯ ಮುದುಕರು, ಹೆಂಗಸರು, ಮಕ್ಕಳು. ಆದುದರಿಂದ ಈ ತಿಂಗಳು ಗಾಲಿಯ ವಿಷಯವನ್ನೇ ಬರೆಯುವುದು ಉಚಿತವೆಂದು ತೋರಿತು. ಮೇಷ್ಟರಿಗೇಕೆ ಮೋಟಾರಿನ ಉಸಾಬರಿ ಎಂದು ವಾಚಕರು ಕೇಳಬಹುದು. ಇದರಲ್ಲಿ ಮೋಟಾರಿಗಿಂತ ಏಳನೆಯ ತರಗತಿಯ ರೇಖಾಗಣಿತವೇ ಹೆಚ್ಚಾಗಿದೆಯೆಂಬುದು ಮುಂದೆ ತಾನೇ ಗೊತ್ತಾಗುತ್ತದೆ.

ಬದಲಿ ಗಾಲಿಯೆಂಬುದು ನಮ್ಮ ಸೀಮೆಗೆ ಹೊಸ ಸಂಗತಿಯಲ್ಲ. ಮರದ ಗಾಲಿಯ ಎತ್ತಿನ ಬಂಡಿ ಹೋಗಿ ರಬ್ಬರ್ ಟೈರಿನ ಬಂಡಿ ಬಂದುದನ್ನು ಹಿರಿಯರು ಕಂಡಿದ್ದಾರೆ. ಅದಕ್ಕೆ ಜನ ಇಟ್ಟ ಹೆಸರು ಡನ್ಲಪ್ ಬಂಡಿ. ಟೈರಿನ ಮೇಲಿದ್ದ ಕಂಪನಿಯ ಹೆಸರೇ ಬಂಡಿಯ ಹೆಸರಾಯಿತು. ಆದರೆ ಗಮನಿಸಿ: ಮರದ ಗಾಲಿಯನ್ನು ತೆಗೆದು ಅದೇ ಹಳೆಯ ಅಚ್ಚಿಗೆ ರಬ್ಬರಿನ ಗಾಲಿಯನ್ನು ಯಾರೂ ತುರುಕಲಿಲ್ಲ. ಅಚ್ಚು, ಬೇರಿಂಗು, ಗಾಲಿ, ಟೈರು ಎಲ್ಲವೂ ಒಂದು ಜೋಡಣೆಯಾಗಿ ಬಂದವು. ಬಡಗಿ ಅದರ ಮೇಲೆ ಬಂಡಿಯ ಮೈಯನ್ನು ಕೂರಿಸಿದ. ಮರದ ಗಾಲಿಗೆ ಕಬ್ಬಿಣದ ಪಟ್ಟಿ ಹಾಕುತ್ತಿದ್ದ ಕಮ್ಮಾರನೂ ಮೊದಲು ಗಾಲಿಯ ಸುತ್ತಳತೆಯನ್ನು ಅಳೆದು, ಪಟ್ಟಿಯನ್ನು ಅದಕ್ಕಿಂತ ಕೊಂಚ ಕಿರಿದಾಗಿ ಬೆಸೆದು, ಕಾಯಿಸಿ ಹಿಗ್ಗಿಸಿ ತೊಡಿಸಿ, ಮೇಲೆ ನೀರು ಹೊಯ್ಯುತ್ತಿದ್ದ. ಕುಗ್ಗಿದ ಪಟ್ಟಿ ಮರವನ್ನು ಬಿಗಿದಪ್ಪುತ್ತಿತ್ತು. ಅಳತೆ ತಪ್ಪಿದರೆ ಪಟ್ಟಿ ಸಡಿಲವಾಗುತ್ತಿತ್ತು, ಇಲ್ಲವೇ ಗಾಲಿಯೇ ಸೀಳುತ್ತಿತ್ತು. ಅಳೆಯದೆ ಗಾಲಿ ಮುಟ್ಟಬಾರದೆಂಬ ವಿವೇಕ ಆ ಕುಲುಮೆಯಲ್ಲಿ ಇತ್ತು. ಇಂದಿನ ಥಳಕಿನ ಅಂಗಡಿಗಳಲ್ಲಿ ಅದು ಯಾವಾಗಲೂ ಇರುತ್ತದೆಂದು ಹೇಳಲಾರೆ.

ಗಾಲಿ ಕೊಳ್ಳಲು ಹೋದವನಿಗೆ ಅಂಗಡಿಯವರು ಮೊದಲು ಕೇಳುವ ಮಾತು, "ನಿಮ್ಮ ಗಾಡಿಯ ಪಿ.ಸಿ.ಡಿ. ಎಷ್ಟು?" ಎಂಬುದು. ಈ ಮೂರಕ್ಷರಕ್ಕೆ ಹೆದರಬೇಕಾದುದಿಲ್ಲ. ಗಾಲಿಯನ್ನು ಅಚ್ಚಿನ ತುದಿಯ ಗುಂಬಕ್ಕೆ, ಅಂದರೆ ಹಬ್ಬಿಗೆ, ನಾಲ್ಕೋ ಐದೋ ಬೋಲ್ಟುಗಳು ಹಿಡಿದಿರುತ್ತವಷ್ಟೆ. ಆ ಬೋಲ್ಟುಗಳ ನಡುಬಿಂದುಗಳ ಮೇಲೆ ಹಾಯುವಂತೆ ಒಂದು ವರ್ತುಲ ಎಳೆದರೆ ಅದರ ವ್ಯಾಸವೇ ಪಿ.ಸಿ.ಡಿ. ನಾಲ್ಕು ಬೋಲ್ಟುಗಳಿದ್ದರೆ ಎದುರುಬದುರಾದ ಎರಡರ ನಡುಬಿಂದುಗಳ ಅಂತರವನ್ನು ಅಳೆದರೆ ಮುಗಿಯಿತು. ಐದು ಇದ್ದರೆ ಎದುರಿಗೆ ಬೋಲ್ಟೇ ಇರುವುದಿಲ್ಲ. ಆಗ ಅಕ್ಕಪಕ್ಕದ ಎರಡು ಬೋಲ್ಟುಗಳ ನಡುಬಿಂದುಗಳ ಅಂತರವನ್ನು ಅಳೆದು 1.701ರಿಂದ ಗುಣಿಸಬೇಕು. ಹಳೆಯ ವಿಲ್ಲಿಸ್ ಮಾದರಿಯ ಜೀಪಿನಲ್ಲಿ ಈ ಅಂತರ ಸುಮಾರು 82.1 ಮಿಲಿಮೀಟರು ಬರುತ್ತದೆ. ಗುಣಿಸಿದರೆ 139.7, ಅಂದರೆ ಸರಿಯಾಗಿ ಐದೂವರೆ ಇಂಚು. ಎರಡನೆಯ ಮಹಾಯುದ್ಧದ ಜೀಪಿಗೂ, ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮಹೀಂದ್ರಾದವರು ಮುಂಬಯಿಯಲ್ಲಿ ಜೋಡಿಸಲಾರಂಭಿಸಿದ ಜೀಪಿಗೂ ಇದೇ ಅಳತೆ.

ನಡುಬಿಂದುವಿನಿಂದ ನಡುಬಿಂದುವಿಗೆ ಅಳೆಯುವುದು ಕಷ್ಟವಾದರೆ, ಒಂದು ಬೋಲ್ಟಿನ ಎಡ ಅಂಚಿನಿಂದ ಇನ್ನೊಂದರ ಎಡ ಅಂಚಿಗೆ ಅಳೆಯಿರಿ, ಫಲ ಅದೇ. ಈ ಉಪಾಯವನ್ನು ನಾನು ಮಕ್ಕಳಿಗೆ ಕಂಬಗಳ ಅಂತರ ಅಳೆಯುವ ಪಾಠದಲ್ಲಿ ಹೇಳಿಕೊಡುತ್ತಿರುತ್ತೇನೆ.

ಎರಡು ಮಿಲಿಮೀಟರಿನಿಂದ ಏನಾದೀತು ಎನ್ನುವವರಿಗೆ ಒಂದು ಪ್ರಸಂಗ ಹೇಳಬೇಕು. ಫಿಯೆಟ್ ಮನೆತನದ ಅನೇಕ ಕಾರುಗಳಲ್ಲಿ ಬೋಲ್ಟುಗಳ ವರ್ತುಲ 98 ಮಿಲಿಮೀಟರಿನದು. ಇಂದು ರಸ್ತೆಯಲ್ಲಿ ಕಾಣುವ ಎಷ್ಟೋ ಚಿಕ್ಕ ಕಾರುಗಳದು 100. ನಮ್ಮ ಬೀಗರೊಬ್ಬರು ತಮ್ಮ ಹಳೆಯ ಫಿಯೆಟ್ ಕಾರಿಗೆ ಒಂದು ಪಟ್ಟಣದ ಅಂಗಡಿಯಲ್ಲಿ 100ರ ಗಾಲಿಗಳನ್ನು ಹಾಕಿಸಿಕೊಂಡು ಬಂದರು. ಗಾಲಿ ಬೋಲ್ಟುಗಳ ಮೇಲೆ ಕುಳಿತಿತು, ನಟ್ಟುಗಳೂ ಬಿಗಿದವು. ನೋಡುವವರಿಗೆ ಯಾವ ಕೊರತೆಯೂ ಕಾಣಲಿಲ್ಲ. ಆದರೆ ಪ್ರತಿ ಬೋಲ್ಟೂ ತನ್ನ ರಂಧ್ರದ ನಡುವಿನಿಂದ ಒಂದು ಮಿಲಿಮೀಟರು ಸರಿದು ನಿಂತಿತ್ತು. ನಟ್ಟಿನ ಇಳಿಜಾರು ಮುಖ ಒಂದೇ ಮಗ್ಗುಲಲ್ಲಿ ತಾಗಿಕೊಂಡಿತ್ತು. ಎಮ್ಮಿಗನೂರಿನ ದಾರಿಯಲ್ಲಿ ಚಲನಚಕ್ರ ನಡುಗತೊಡಗಿತು. ಇಳಿದು ನೋಡಿದರೆ ಒಂದು ಗಾಲಿಯ ನಾಲ್ಕರಲ್ಲಿ ಎರಡು ನಟ್ಟುಗಳು ಕೈಯಿಂದಲೇ ತಿರುಗುವಷ್ಟು ಸಡಿಲವಾಗಿದ್ದವು. ಹಿಂದಿನ ಆಸನದಲ್ಲಿ ಬಾಣಂತಿ ಮಗಳು, ಇಪ್ಪತ್ತು ದಿನದ ಕೂಸು. ದಾರಿ ಸಮನಾಗಿದ್ದು ವೇಗ ಕಡಿಮೆಯಿದ್ದುದರಿಂದ ಎಲ್ಲರೂ ಮನೆ ಸೇರಿದರು. ಮರುದಿನವೇ ಹಳೆಯ ಗಾಲಿಗಳು ಮತ್ತೆ ಕಾರಿಗೆ ಬಂದವು.

ಬೋಲ್ಟುಗಳ ಲೆಕ್ಕ ಸರಿಹೊಂದಿತೆಂದರೆ ಅರ್ಧ ಕೆಲಸವಾಯಿತು. ಗಾಲಿಯ ನಡುವಿನ ದೊಡ್ಡ ರಂಧ್ರವನ್ನು ಮುಂದೆ ನೋಡಬೇಕು. ಜೀಪಿನ ಗುಂಬ ಹೊರಕ್ಕೆ ಚಾಚಿಕೊಂಡಿರುತ್ತದೆ. ರಂಧ್ರ ಕಿರಿದಾದರೆ ಗಾಲಿ ಕೂರುವುದೇ ಇಲ್ಲ. ಕಾರುಗಳಲ್ಲಿ ರಂಧ್ರ ದೊಡ್ಡದಾಗಿ ಗುಂಬ ಚಿಕ್ಕದಾಗಿದ್ದರೆ ನಡುವೆ ತೆರವು ಉಳಿಯುತ್ತದೆ. ಅದನ್ನು ಅಳತೆಯ ಉಂಗುರದಿಂದ ತುಂಬಿದರೆ ಗಾಲಿ ನಡುವಿಗೆ ಸರಿಯಾಗಿ ನಿಲ್ಲುತ್ತದೆ. ರಂಧ್ರ ಕಿರಿದೆಂದು ಲೇಥಿಗೆ ಕೊಟ್ಟು ಕೊರೆಸುವ ಪದ್ಧತಿಯೂ ಉಂಟು. ಮಿಶ್ರಲೋಹದ ಗಾಲಿಯಲ್ಲಿ ನಡುವಿನ ಲೋಹ ತೆಳುವಾದರೆ ಅದರ ಬಲ ಎಷ್ಟು ಉಳಿಯಿತೆಂದು ಲೇಥಿನವನು ಹೇಳಲಾರ. ಅಂಥ ಗಾಲಿಯನ್ನು ಬಿಟ್ಟು ಬೇರೆ ಹುಡುಕುವುದೇ ಲೇಸು.

ಇನ್ನು ಅತ್ಯಂತ ಮುಖ್ಯವಾದ, ಆದರೆ ಕಣ್ಣಿಗೆ ಕಾಣದ ಅಳತೆಗೆ ಬರೋಣ. ಗಾಲಿಯ ಅಗಲದ ಸರಿಯಾದ ಮಧ್ಯದಲ್ಲಿ ಒಂದು ಗೆರೆ ಕಲ್ಪಿಸಿಕೊಳ್ಳಿ. ಗಾಲಿ ಗುಂಬಕ್ಕೆ ತಾಗುವ ಮುಖ ಆ ಗೆರೆಯ ಮೇಲೆಯೇ ಇದ್ದರೆ ಆಫ್‌ಸೆಟ್ ಸೊನ್ನೆ. ಆ ಮುಖ ಹೊರಬದಿಗೆ ಸರಿದಿದ್ದರೆ ಆಫ್‌ಸೆಟ್ ಧನ. ಗಾಲಿ ವಾಹನದ ಒಳಕ್ಕೆ ಸೇರುತ್ತದೆ. ಒಳಬದಿಗೆ ಸರಿದಿದ್ದರೆ ಋಣ. ಗಾಲಿ ಹೊರಕ್ಕೆ ಚಾಚುತ್ತದೆ. ಮುಂದಿನ ಗಾಲಿಗಳಿಗೆ ಎಂಜಿನ್ನಿನ ಬಲ ಹೋಗುವ ಇಂದಿನ ಕಾರುಗಳ ಗಾಲಿಗಳಿಗೆ ಸಾಮಾನ್ಯವಾಗಿ 35ರಿಂದ 45 ಮಿಲಿಮೀಟರಿನ ಧನ ಆಫ್‌ಸೆಟ್ ಇರುತ್ತದೆ. ಹಿಂದಿನ ಗಾಲಿಗಳಿಂದ ಓಡುವ ಹಳೆಯ ವಾಹನಗಳದು ಇದಕ್ಕಿಂತ ಬಹಳ ಕಡಿಮೆ. ಬೋಲ್ಟು ಹೊಂದಿತೆಂದು ಇಂದಿನ ಗಾಲಿಯನ್ನು ಹಳೆಯ ವಾಹನಕ್ಕೆ ಹಾಕಿದರೆ ಅದರ ಒಳಅಂಚು ಕಮಾನು ಪಟ್ಟಿಗೋ ಸ್ಟಿಯರಿಂಗಿನ ಸರಳಿಗೋ ಉಜ್ಜುತ್ತದೆ.

ಉಜ್ಜುವುದನ್ನು ತಪ್ಪಿಸಲು ಅಂಗಡಿಯವರು ಕೊಡುವ ಮದ್ದೇ ಸ್ಪೇಸರ್ ಎಂಬ ದಪ್ಪ ಬಿಲ್ಲೆ. ಅದನ್ನು ಗುಂಬಕ್ಕೂ ಗಾಲಿಗೂ ನಡುವೆ ಇಟ್ಟು ಗಾಲಿಯನ್ನು ಹೊರಕ್ಕೆ ತಳ್ಳುತ್ತಾರೆ. ಇಲ್ಲಿ ಸನ್ನೆಗೋಲಿನ ಪಾಠವನ್ನು ನೆನೆಯಬೇಕು. ಒಂದು ಗಾಲಿಯ ಮೇಲೆ 300 ಕಿಲೋ ಭಾರವಿದ್ದು, ಆ ಗಾಲಿ ಮೊದಲಿದ್ದ ಜಾಗದಿಂದ 40 ಮಿಲಿಮೀಟರು ಹೊರಕ್ಕೆ ಸರಿದರೆ, ಬೇರಿಂಗಿನ ಮೇಲೆ 12 ಕಿಲೋಗ್ರಾಂ-ಮೀಟರಿನಷ್ಟು ಹೊಸ ತಿರುಚುವಿಕೆ ಬೀಳುತ್ತದೆ. ಮೀಟರುದ್ದದ ಕೋಲಿನ ತುದಿಗೆ 12 ಕಿಲೋದ ಜೋಳದ ಚೀಲ ಕಟ್ಟಿ ಹಗಲಿರುಳು ತೂಗಹಾಕಿದಂತೆ. ಅದೂ ವಾಹನ ನಿಂತಿರುವಾಗಿನ ಲೆಕ್ಕ. ಗುಂಡಿಗೆ ಬಿದ್ದಾಗ ಇದು ಎಷ್ಟೋ ಪಟ್ಟು ಏರುತ್ತದೆ. ಐವತ್ತು ವರ್ಷ ದುಡಿದ ಬೇರಿಂಗು ಎಷ್ಟು ದಿನ ತಡೆದೀತು? ಹೊರಕ್ಕೆ ಚಾಚಿದ ಮುಂಗಾಲಿ ಸ್ಟಿಯರಿಂಗನ್ನೂ ಭಾರಗೊಳಿಸಿ ಪ್ರತಿ ಕಲ್ಲಿಗೂ ಕೈಯನ್ನು ಜಗ್ಗುತ್ತದೆ. ಸ್ಪೇಸರ್ ಬೇಕೇ ಬೇಕೆನ್ನುವ ಗಾಲಿ ನಿಮ್ಮ ವಾಹನದ್ದಲ್ಲವೆಂದು ತಿಳಿದು ಎದ್ದುಬನ್ನಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಳೆಯ ಗಾಲಿಯ ಆಫ್‌ಸೆಟ್ ಅಳೆಯಲು ಯಂತ್ರ ಬೇಡ. ಗಾಲಿಯನ್ನು ಬಿಚ್ಚಿ, ಟೈರು ತೆಗೆಸಿ, ಒಳಬದಿ ಮೇಲಾಗಿ ಮಲಗಿಸಿರಿ. ಅಂಚಿನಿಂದ ಅಂಚಿಗೆ ಒಂದು ನೇರ ಪಟ್ಟಿಯಿಟ್ಟು, ಅಲ್ಲಿಂದ ಗುಂಬಕ್ಕೆ ತಾಗುವ ಮುಖದವರೆಗಿನ ಆಳವನ್ನು ಅಳತೆಗೋಲಿನಿಂದ ಅಳೆಯಿರಿ. ಅದರಿಂದ ಗಾಲಿಯ ಒಟ್ಟು ಅಗಲದ ಅರ್ಧವನ್ನು ಕಳೆದರೆ ಉಳಿದದ್ದೇ ಆಫ್‌ಸೆಟ್. ಹೊಸ ಗಾಲಿಯ ಹಿಂಬದಿಯಲ್ಲಿ ಇದು ಇ.ಟಿ. ಎಂಬ ಅಕ್ಷರಗಳ ಮುಂದೆ ಅಂಕೆಯಾಗಿ ಎರಕಗೊಂಡಿರುತ್ತದೆ. ಗಾಲಿ ಎಷ್ಟು ಕಿಲೋ ಭಾರ ತಾಳುತ್ತದೆಂಬುದನ್ನೂ ಅಲ್ಲಿಯೇ ಹುಡುಕಿರಿ. ತುಂಬಿದ ಜೀಪಿನ ಹಿಂದಿನ ಅಚ್ಚಿನ ಮೇಲೆ 1200 ಕಿಲೋ ಬರುವುದಾದರೆ ಒಂದೊಂದು ಗಾಲಿಗೆ 600. ಚಿಕ್ಕ ಕಾರಿಗಾಗಿ ಎರಕ ಹೊಯ್ದ ಗಾಲಿಗೆ ಇದು ಹೆಚ್ಚಾಗಬಹುದು. ಭಾರದ ಅಂಕೆಯಾಗಲಿ ಐ.ಎಸ್.ಐ. ಗುರುತಾಗಲಿ ಕಾಣದ ಗಾಲಿಯನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ.

ನನ್ನ ತಂಗಿಯ ಮಗ ಹೋದ ವರ್ಷ ಜೀಪಿಗೆ 31 ಇಂಚಿನ ಟೈರು ಹಾಕಿಸುವ ಹಟ ಹಿಡಿದ. "ಮಾವ, ಅದನ್ನ ಹಾಕಿದರೆ ಜೀಪು ಹುಲಿ ನಿಂತಂಗೆ ಕಾಣ್ತೈತೆ ನೋಡ್ರಿ" ಎಂದ. "ಹುಲಿ ಆಮೇಲೆ, ಮೊದಲು ಕಾಗದ ತಗೊಂಡು ಬಾರಪ್ಪ" ಎಂದೆ. ಜೀಪಿನ ಮೂಲ ಟೈರು 6.00-16; ಅಂದರೆ ಆರು ಇಂಚು ಅಗಲ, ಹದಿನಾರು ಇಂಚಿನ ರಿಮ್ಮು. ಹಳೆಯ ಕಾಲದ ಟೈರುಗಳ ಎತ್ತರ ಸುಮಾರು ಅಗಲದಷ್ಟೇ ಇರುವುದರಿಂದ ಹೊರವ್ಯಾಸ 28 ಇಂಚಿನ ಆಸುಪಾಸು. ಇಪ್ಪತ್ತೆರಡು ಏಳಾಂಶದಿಂದ ಗುಣಿಸಿದರೆ ಸುತ್ತಳತೆ 88 ಇಂಚು. 31 ಇಂಚಿನ ಟೈರಿನದು 97 ಇಂಚಿಗೂ ಹೆಚ್ಚು. ಸ್ಪೀಡೋಮೀಟರು ಗಾಲಿಯ ಸುತ್ತುಗಳನ್ನು ಎಣಿಸುತ್ತದೆಯೇ ಹೊರತು ದಾರಿಯನ್ನಲ್ಲ. ಅದು 60 ತೋರಿಸುವಾಗ ಜೀಪು 66ರಲ್ಲಿ ಓಡುತ್ತಿರುತ್ತದೆ. ಬ್ರೇಕಿನ ಡ್ರಮ್ಮು ಮಾತ್ರ ಹಳೆಯದೇ. ಗಾಲಿ ದೊಡ್ಡದಾದಷ್ಟೂ ನೆಲದಲ್ಲಿ ಅದರ ಹಿಡಿತ ಕುಗ್ಗುತ್ತದೆ; ಇಲ್ಲಿ ಹತ್ತರಲ್ಲಿ ಒಂದು ಪಾಲು ನಷ್ಟ. ವೇಗ ಹೆಚ್ಚು, ತಡೆ ಕಡಿಮೆ. ಹುಡುಗ ಲೆಕ್ಕ ಮುಗಿಸಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತ.

ಟೈರಿನ ಮೇಲಿನ ಇಂದಿನ ಅಂಕೆಗಳನ್ನು ಓದುವುದೂ ಸುಲಭವೇ. 215/75 ಆರ್ 15 ಎಂದಿದ್ದರೆ ಅಗಲ 215 ಮಿಲಿಮೀಟರು, ಎತ್ತರ ಅಗಲದ ನೂರಕ್ಕೆ 75, ರಿಮ್ಮು 15 ಇಂಚು. 215ರ ಮುಕ್ಕಾಲು 161.25, ಮೇಲೆ ಕೆಳಗೆ ಸೇರಿ 322.5, ಹದಿನೈದು ಇಂಚಿಗೆ 381, ಒಟ್ಟು 703.5 ಮಿಲಿಮೀಟರು, ಅಂದರೆ 27.7 ಇಂಚು. ಜೀಪಿನ ಮೂಲ ವ್ಯಾಸಕ್ಕೆ ಇದು ಬಹುತೇಕ ಸಮ. ಆದರೆ ಅಗಲ ಆರು ಇಂಚಿನ ಬದಲು ಎಂಟೂವರೆ ಇಂಚಾಯಿತು. ಮಧ್ಯರೇಖೆ ಇದ್ದಲ್ಲಿಯೇ ಇದ್ದರೂ ಎರಡೂ ಬದಿಗೆ ಸುಮಾರು 32 ಮಿಲಿಮೀಟರು ಉಬ್ಬುತ್ತದೆ. ಮೇಲಾಗಿ ಇದು ಕೂರಲು ಐದೂವರೆಯಿಂದ ಏಳು ಇಂಚು ಅಗಲದ ರಿಮ್ಮು ಬೇಕು. ವಿಲ್ಲಿಸ್ ಜೀಪಿನ ಮೂಲ ರಿಮ್ಮಿನ ಅಗಲ ನಾಲ್ಕೂವರೆ ಇಂಚು ಮಾತ್ರ. ಅಂಬಾಸಿಡರಿಗೆ 5.90-15, ಪ್ರೀಮಿಯರ್ ಪದ್ಮಿನಿಗೆ 5.20-14 ಎಂಬ ಹಳೆಯ ಅಳತೆಗಳಿದ್ದವು. ಅಂಬಾಸಿಡರ್ ತಯಾರಾಗುತ್ತಿದ್ದ ಉತ್ತರಪಾರಾದ ಕಾರ್ಖಾನೆ 2014ರಲ್ಲಿ ಕೆಲಸ ನಿಲ್ಲಿಸಿದ ಮೇಲೆ ಅದರ ಗಾಲಿಗಳನ್ನು ಹುಡುಕುವವರು ಬಹುಮಟ್ಟಿಗೆ ಗುಜರಿಯನ್ನೇ ನೆಚ್ಚಬೇಕಾಗಿದೆ. ಗುಜರಿಯ ಗಾಲಿಯನ್ನು ತಿರುಗಿಸಿ ನೋಡಿ ಅಂಚು ಓಲಾಡದಿದ್ದರೆ, ಬೋಲ್ಟಿನ ರಂಧ್ರಗಳು ಮೊಟ್ಟೆಯಾಕಾರಕ್ಕೆ ಸವೆಯದಿದ್ದರೆ, ಅದು ಹೊಸ ಹೊಳೆಯುವ ಗಾಲಿಗಿಂತ ಎಷ್ಟೋ ಮೇಲು.

ಅಗಲ ಟೈರಿನ ವಿಷಯದಲ್ಲಿ ನಮ್ಮ ನೆಲವೂ ಒಂದು ಮಾತು ಹೇಳುತ್ತದೆ. ಇದು ಎರೆಭೂಮಿ. ಮಳೆ ಬಿದ್ದಾಗ ಹತ್ತಿ ಹೊಲದ ಮಣ್ಣು ಗಾಲಿಗೆ ಸುತ್ತಿ ಸುತ್ತಿ ಮಡ್‌ಗಾರ್ಡಿನ ಒಳಗೆ ಗಟ್ಟಿಯಾಗಿ ತುಂಬಿಕೊಳ್ಳುತ್ತದೆ. ಕಿರಿದಾದ ಟೈರು ಕೆಸರನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲವನ್ನು ಮುಟ್ಟುತ್ತದೆ; ಸುತ್ತ ತೆರವು ಇರುವುದರಿಂದ ಮಣ್ಣು ಉದುರಿಹೋಗುತ್ತದೆ. ಅಗಲ ಟೈರು ಮಡ್‌ಗಾರ್ಡಿಗೆ ಎರಡು ಬೆರಳಿನಷ್ಟೇ ಜಾಗ ಬಿಟ್ಟರೆ ಅರ್ಧ ಫರ್ಲಾಂಗಿನಲ್ಲಿ ಗಾಲಿ ಕಚ್ಚಿಕೊಂಡು ನಿಲ್ಲುತ್ತದೆ. ಮುಷ್ಟಿ ಹಿಡಿದು ಕೈ ಆಡುವಷ್ಟು ತೆರವು ಸುತ್ತಲೂ ಇರಲೇಬೇಕು. ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ವಾಹನದಲ್ಲಿ ಏಳೆಂಟು ಜನರನ್ನು ಕೂಡಿಸಿ ನೋಡಿದ ಮೇಲೆಯೇ ಹಣ ಕೊಡುವುದು. ಮಿಶ್ರಲೋಹದ ಗಾಲಿ ಹಗುರ, ಅಂದವೂ ಹೌದು. ಪಟ್ಟಣದ ರಸ್ತೆಗೆ ಅದನ್ನು ನಾನು ಬೇಡವೆನ್ನುವುದಿಲ್ಲ. ಆದರೆ ಗುಂಡಿಗೆ ಬಿದ್ದರೆ ಕಬ್ಬಿಣ ಬಾಗುತ್ತದೆ, ಬಡಿದು ಸರಿಪಡಿಸಬಹುದು. ಮಿಶ್ರಲೋಹ ಬಿರುಕು ಬಿಡುತ್ತದೆ, ಬಿರುಕಿಗೆ ಬೆಸುಗೆ ಹಾಕಿಸಿ ಓಡಿಸುವವನು ತನ್ನ ಮನೆಯವರ ಪ್ರಾಣದ ಜೊತೆ ಜೂಜಾಡುತ್ತಾನೆ. ಹಳೆಯ ಕಬ್ಬಿಣದ ರಿಮ್ಮುಗಳಿಗೆ ಟ್ಯೂಬಿಲ್ಲದ ಟೈರನ್ನು ಟ್ಯೂಬಿಲ್ಲದೆ ಹಾಕುವುದೂ ಸಲ್ಲ. ಟೈರಿನ ಅಂಚನ್ನು ಹಿಡಿದಿಡುವ ಉಬ್ಬು ಅವುಗಳಲ್ಲಿ ಇರುವುದಿಲ್ಲ.

ಕಾನೂನಿನ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಕಲಮು ವಾಹನದ ಮಾರ್ಪಾಡಿಗೆ ಸಂಬಂಧಿಸಿದುದು. ತಯಾರಕರು ಮೊದಲು ನಿರ್ದಿಷ್ಟಪಡಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಮೂಲ ಅಳತೆಗೆ ಸಮೀಪವಿರುವ ಗಾಲಿಗೂ ಮಡ್‌ಗಾರ್ಡಿನ ಹೊರಕ್ಕೆ ಗೇಣುದ್ದ ಚಾಚುವ ಗಾಲಿಗೂ ಇರುವ ಭೇದ ತಪಾಸಣೆಯ ಅಧಿಕಾರಿಗೆ ದೂರದಿಂದಲೇ ಕಾಣುತ್ತದೆ. ಗಡಿ ದಾಟಿ ಬಳ್ಳಾರಿಗೆ ಹೋಗಿಬರುವ ನಮಗೆ ಎರಡು ರಾಜ್ಯಗಳ ತಪಾಸಣೆ. ಐವತ್ತು ವರ್ಷ ಮೀರಿದ ಸ್ವಂತ ವಾಹನಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ನೋಂದಣಿಯ ನಿಯಮಗಳನ್ನು ಮಾಡಿತು. ಅದಕ್ಕೆ ವಾಹನ ಮೂಲರೂಪದಲ್ಲಿರಬೇಕು. ಚಾಸಿ, ಮೈ, ಎಂಜಿನ್ನುಗಳನ್ನು ಗಣನೀಯವಾಗಿ ಬದಲಿಸಿರಬಾರದು. ಅಗಲ ಗಾಲಿಗೆ ಜಾಗ ಮಾಡಲು ಮಡ್‌ಗಾರ್ಡನ್ನು ಕತ್ತರಿಸಹೊರಟವರು ಈ ಮಾತನ್ನು ನೆನಪಿಡಬೇಕು. ಗಾಲಿಯನ್ನು ನಾಳೆ ಬದಲಿಸಬಹುದು, ಕತ್ತರಿಸಿದ ತಗಡು ಮತ್ತೆ ಬೆಳೆಯದು. ಹಳೆಯ ಗಾಲಿಗಳನ್ನೂ ಗುಜರಿಗೆ ಹಾಕದೆ ಎಣ್ಣೆ ಸವರಿ ಅಟ್ಟದ ಮೇಲಿಡಿ.

ನಮ್ಮ ಹುಡುಗ ಕಡೆಗೆ ಹದಿನಾರು ಇಂಚಿನ ಕಬ್ಬಿಣದ ಗಾಲಿಗಳನ್ನೇ ತಂದು, ಮರಳುಜ್ಜಿಸಿ, ಬಿಳಿಯ ಬಣ್ಣ ಹೊಡೆಸಿ, 6.00-16ರ ಹೊಸ ಟೈರುಗಳನ್ನು ಹಾಕಿಸಿದ. ಟೈರಿನ ಮಗ್ಗುಲಲ್ಲಿ ಅದು ತಯಾರಾದ ವಾರ ಮತ್ತು ವರ್ಷ ನಾಲ್ಕು ಅಂಕೆಗಳಲ್ಲಿರುತ್ತವೆ. 2324 ಎಂದಿದ್ದರೆ 2024ರ 23ನೆಯ ವಾರ. ವರ್ಷಗಟ್ಟಲೆ ಅಂಗಡಿಯಲ್ಲಿ ಕೂತ ಟೈರನ್ನು ಹೊಸದೆಂದು ಕೊಳ್ಳದಿರಲು ಇದು ಸಹಾಯ.

ಜೋಡಿಸುವಾಗಿನ ಎರಡು ಮಾತು ಉಳಿದಿವೆ. ಹಳೆಯ ವಿಲ್ಲಿಸ್ ಜೀಪುಗಳ ಎಡಬದಿಯ ಬೋಲ್ಟುಗಳಿಗೆ ಎಡತಿರುಪು ಇರುತ್ತದೆ. ಇದನ್ನರಿಯದ ಪಂಚರ್ ಅಂಗಡಿಯ ಹುಡುಗರು ಬಿಚ್ಚುತ್ತೇವೆಂದು ಇನ್ನಷ್ಟು ಬಿಗಿದು ಬೋಲ್ಟನ್ನೇ ಮುರಿಯುತ್ತಾರೆ. ಮಿಶ್ರಲೋಹದ ಗಾಲಿಯ ನಡುಭಾಗ ದಪ್ಪವಾದ್ದರಿಂದ ಹಳೆಯ ಬೋಲ್ಟು ಗಿಡ್ಡವಾಗಬಹುದು. ಬೋಲ್ಟಿನ ವ್ಯಾಸದಷ್ಟಾದರೂ ಉದ್ದಕ್ಕೆ ನಟ್ಟು ಹಿಡಿದಿರಬೇಕು. ಜೀಪಿನ ಅರ್ಧ ಇಂಚಿನ ಬೋಲ್ಟಿಗೆ ಇಂಚಿಗೆ ಇಪ್ಪತ್ತು ಸುತ್ತುಗಳಿರುವುದರಿಂದ ನಟ್ಟು ಬಿಗಿಯಾಗುವ ಮುನ್ನ ಪೂರ್ತಿ ಹತ್ತು ಸುತ್ತು ತಿರುಗಬೇಕು. ಕೈಯಿಂದ ತಿರುಗಿಸುತ್ತಾ ಎಣಿಸಿ. ನಟ್ಟುಗಳನ್ನು ಒಂದರ ಪಕ್ಕ ಒಂದರಂತೆ ಬಿಗಿಯದೆ ಒಂದು ಬಿಟ್ಟು ಒಂದರಂತೆ ಬಿಗಿಯಿರಿ. ನೂರು ಕಿಲೋಮೀಟರು ಓಡಿದ ಮೇಲೆ ಮತ್ತೊಮ್ಮೆ ಪಾನಾ ಹಾಕಿ ನೋಡಿ. ನಾಲ್ಕು ಗಾಲಿ ಬದಲಿಸಿ ಸ್ಟೆಪ್ನಿಯನ್ನು ಹಳೆಯದೇ ಉಳಿಸುವವರು ಬಹಳ. ಅದರ ನಟ್ಟು ಬೇರೆ, ವ್ಯಾಸ ಬೇರೆ. ಕತ್ತಲಲ್ಲಿ ಕೋಸಿಗಿಯ ದಾರಿಯಲ್ಲಿ ಪಂಚರಾದಾಗ ಅದು ಉಪಯೋಗಕ್ಕೆ ಬರುವುದಿಲ್ಲ. ಕೊಳ್ಳುವುದಾದರೆ ಐದು ಗಾಲಿ ಕೊಳ್ಳಿ. ಹೊಸ ನಟ್ಟಿಗೆ ಹೊಂದುವ ಪಾನಾವನ್ನು ಜಾಕಿಯ ಜೊತೆಯಲ್ಲಿ ವಾಹನದೊಳಗೇ ಇಡಿ.